ಸೊಂಟ ನೋವಿಗೆ ಹುಬ್ಬು ಹೀಗಿರಬೇಕು

ಕೇಳಿದ್ದರೆ ರೇವಣ್ಣನವರು ರಜೆ ಕೊಡುತ್ತಿದ್ದರೋ ಇಲ್ಲವೋ, ಕೊಟ್ರೇಶ ಕೇಳಲೇ ಇಲ್ಲ. ನ್ಯಾಮತಿಯ ಅಡಿಕೆ ಸೊಸೈಟಿಯಲ್ಲಿ ಒಂಬತ್ತು ವರ್ಷ ಗುಮಾಸ್ತನಾಗಿ ದುಡಿದ ಅವನಿಗೆ ಮ್ಯಾನೇಜರ್ ರೇವಣ್ಣನವರ ಒಂದು ಮಾತು ಬಾಯಿಪಾಠವಾಗಿತ್ತು: "ಮಕ್ಕಳ ಕುಣಿತಕ್ಕೆಲ್ಲ ರಜಾ ಕೊಟ್ರೆ ಸೊಸೈಟೀನೇ ಕುಣಿಯಾಕೆ ಶುರು ಮಾಡ್ತೈತೆ."

ಆದರೆ ಆ ದಿನ ಮಧ್ಯಾಹ್ನ ಮೂರಕ್ಕೆ ಸಮುದಾಯ ಭವನದಲ್ಲಿ ಅವನ ಒಂಬತ್ತು ವರ್ಷದ ಮಗಳು ರಮ್ಯಶ್ರೀ ಮೊದಲ ಬಾರಿಗೆ ಗೆಜ್ಜೆ ಕಟ್ಟಿ ವೇದಿಕೆ ಏರುವವಳಿದ್ದಳು. "ಮೊದಲನೇ ಸಾಲಿನಾಗೆ ನಿನ್ನ ಮುಖ ಕಾಣ್ಲಿಲ್ಲ ಅಂದ್ರೆ ನಂಗೆ ಹೆಜ್ಜೆನೇ ಮರೆತು ಹೋಗ್ತೈತೆ" ಎಂದು ಅವಳು ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದಳು.

ಭರತನಾಟ್ಯ ಕಲಿಯತೊಡಗಿದ ಎರಡು ವರ್ಷಗಳಲ್ಲಿ ಮಗಳು ಬದಲಾದ ಪರಿಯನ್ನು ಕೊಟ್ರೇಶ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ದಿನಕ್ಕೊಮ್ಮೆ ಬಣ್ಣಿಸುತ್ತಿದ್ದ. ತಾನಾಗಿಯೇ ಏಳುತ್ತಾಳೆ, ಚಪ್ಪಲಿ ಜೋಡಿಸಿಡುತ್ತಾಳೆ, ತಪ್ಪಿದರೆ ಅಳದೆ ಮತ್ತೆ ಮೊದಲಿನಿಂದ ಆರಂಭಿಸುತ್ತಾಳೆ, ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ. ಇದಕ್ಕೆಲ್ಲ ಮಿಗಿಲಾಗಿ, ನೃತ್ಯಗುರು ಸಂಧ್ಯಾರಾಣಿ ಮೇಡಂ ವಿಧಿಸಿದ ನಿಯಮವೊಂದಿತ್ತು: ಕಲಿತದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಕಲಿಸಬೇಕು, ಯಾರಿಗೆ ಏನು ಕಲಿಸಿದೆ ಎಂಬುದನ್ನು ನಾಲ್ಕು ಜನರೆದುರು ನಿಂತು ಹೇಳಬೇಕು. ಈ ನಿಯಮದ ಫಲವಾಗಿ ಕೊಟ್ರೇಶನ ಹೆಂಡತಿ ಹೇಮಾವತಿ ರೊಟ್ಟಿಯನ್ನು ಈಗ ಆದಿತಾಳದಲ್ಲಿ ಬಡಿಯುತ್ತಿದ್ದಳು.

ಬೆಳಿಗ್ಗೆ ಎಂಟಕ್ಕೆ ಕೊಟ್ರೇಶ ಕೈಯಲ್ಲಿ ಫೋನ್ ಹಿಡಿದು, ಗೋಡೆಯ ಕಡೆ ತಿರುಗಿ, ನರಳುವ ಅಭ್ಯಾಸ ನಡೆಸಿದ್ದ.

"ಏನ್ ಮಾಡ್ತಿದೀಯ ಅಪ್ಪಾಜಿ?"

"ಸೊಂಟ ನೋವು ಅಂತ ರಜಾ ಹಾಕ್ತೀನಿ."

"ಅದು ಸುಳ್ಳಲ್ಲೇನು?"

ಮಗಳ ನೇರ ನೋಟಕ್ಕೆ ಕೊಟ್ರೇಶ ಬೆವೆತ. "ಸುಳ್ಳಲ್ಲ ಕಣವ್ವಾ. ಇದು... ಇದು ಅಭಿನಯ."

ಆ ಪದ ಕಿವಿಗೆ ಬಿದ್ದದ್ದೇ ತಡ, ಹುಡುಗಿಯ ಮುಖ ಅರಳಿತು. ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡವಳಂತೆ ಸೊಂಟಕ್ಕೆ ಕೈಯಿಟ್ಟು ಗುರುವಾಗಿ ನಿಂತಳು.

"ಹಂಗಾದ್ರೆ ಹಿಂಗಲ್ಲ. ನೀನು ಹಲ್ಲು ನೋವಿನವರಂಗೆ ಮಾಡ್ತಿದೀಯ. ಸೊಂಟ ನೋವಿಗೆ ಹುಬ್ಬು ಹಿಂಗಿರ್ಬೇಕು. ಮೊದ್ಲು ಉಸಿರು ಹಿಡಿ. ಆಮೇಲೆ ಕಣ್ಣು ನೋವಿರೋ ಕಡೆ ಹೋಗ್ಬೇಕು, ಅದರ ಹಿಂದೆ ಕೈ. ನಡುವೆ ನಗಬಾರ್ದು. ಮೊದಲಿಂದ ಮಾಡು."

ಐದನೆಯ ಬಾರಿಗೆ ಶಿಷ್ಯ ತೇರ್ಗಡೆಯಾದ. ಫೋನಿನಲ್ಲಿ ಅವನು ಹೊರಡಿಸಿದ ನರಳಾಟಕ್ಕೆ ಅತ್ತಲಿಂದ ರೇವಣ್ಣನವರು "ಮಲ್ಕೊಳಪ್ಪಾ, ಮಲ್ಕೊ" ಎಂದು ಗಾಬರಿಯಿಂದ ಫೋನಿಟ್ಟರು. ಕಲೆ ಅಲ್ಲಿಗೇ ನಿಲ್ಲದೆ ಗೋಡೆಯನ್ನೂ ದಾಟಿತು. ಪಕ್ಕದ ಮನೆಯ ಅಂಜಮ್ಮ ಬಿಸಿ ಉಪ್ಪಿನ ಗಂಟು ಹಿಡಿದು ಧಾವಿಸಿದಳು.

"ಏನ್ಲಾ ಕೊಟ್ರೇಶಿ, ಎಮ್ಮೆ ಈಯೋ ಹಂಗೆ ನರಳ್ತೀಯಲ್ಲೋ! ಬೋರಲು ಮಲಗು."

"ಬ್ಯಾಡ ಅಂಜಮ್ಮ, ಈಗ ವಾಸಿ..."

"ವಾಸಿ ಹೆಂಗಾಗ್ತೈತೆ? ಇನ್ನೂ ಶಾಖಾನೇ ಕೊಟ್ಟಿಲ್ಲ!"

ಉಪ್ಪಿನ ಗಂಟು ಸೊಂಟಕ್ಕೆ ತಾಗಿದಾಗ ಕೊಟ್ರೇಶ ಹೊರಡಿಸಿದ ಕೂಗು ಅಭಿನಯವಾಗಿರಲಿಲ್ಲ.

ಹನ್ನೊಂದಕ್ಕೆ, ಅಂಜಮ್ಮ ಇನ್ನೂ ಶಾಖ ಕೊಡುತ್ತಿದ್ದಾಗಲೇ, ಮನೆಯ ಮುಂದೆ ಪರಿಚಿತ ಬೈಕಿನ ಸದ್ದು ಕೇಳಿಸಿತು. ಎರಡು ಎಳನೀರು ಹಿಡಿದು ಸ್ವತಃ ರೇವಣ್ಣನವರೇ ಒಳಗೆ ಬಂದರು. ಕೊಟ್ರೇಶನ ಎದೆ ಅಡಿಕೆ ಸುಲಿಯುವ ಯಂತ್ರದಂತೆ ಬಡಿದುಕೊಂಡಿತು. ಗಾಬರಿಯಲ್ಲಿ ಕೈ ಸೊಂಟದ ಬದಲು ಕೆನ್ನೆಗೆ ಹೋಯಿತು. ಬಾಗಿಲ ಸಂದಿಯಲ್ಲಿ ನಿಂತ ರಮ್ಯಶ್ರೀ ಹುಬ್ಬೇರಿಸಿದಳು. ಶಿಷ್ಯ ಎಚ್ಚೆತ್ತ. ಉಸಿರು, ಕಣ್ಣು, ಹುಬ್ಬು, ಕೈ ಎಲ್ಲವೂ ಕ್ರಮವಾಗಿ ಬಂದವು. ನೋಡುತ್ತಿದ್ದ ರೇವಣ್ಣನವರ ಕಣ್ಣಲ್ಲಿ ನೀರಾಡಿತು.

"ಎಂಥಾ ಗತಿ ಬಂತೋ ಕೊಟ್ರೇಶ! ಇವತ್ತು ಸೊಸೈಟಿ ಬಾಗಿಲು ಹನ್ನೆರಡಕ್ಕೇ ಹಾಕಿಸ್ತೀನಿ. ಭವನದಾಗೆ ಮಕ್ಕಳ ನೃತ್ಯ ಐತಲ್ಲ, ನಿನ್ನೆ ಸಂಜೆ ಮೇಡಂ ಬಂದು ನೀವೇ ಮುಖ್ಯ ಅತಿಥಿ ಆಗ್ರಿ ಅಂದ್ರು. ಸಿಬ್ಬಂದಿ ಎಲ್ಲಾ ಬರ್ಲೇಬೇಕು ಅಂತ ಹೇಳೀನಿ. ನಿನ್ನ ಮಗಳ್ದೂ ಐತಂತೆ. ನಿನ್ನ ಮೊದಲನೇ ಸಾಲಿನಾಗೆ ನಾನೇ ಕೂರಿಸ್ಬೇಕು ಅಂತಿದ್ದೆ!"

ಕೊಟ್ರೇಶ ಚಿಮ್ಮಿ ಕುಳಿತ. "ಸಾರ್, ನೋವು ಇಳಿದೈತೆ! ನೋಡ್ರಿ, ಏಳಾಕೂ ಬರ್ತೈತೆ!"

"ನೋಡಮ್ಮಾ ಅಂಜಮ್ಮ, ಮಗಳ ಮೇಲಿನ ಪ್ರೀತಿ! ಪ್ರಾಣ ಹೋಗ್ತಿದ್ರೂ ಬರ್ತೀನಿ ಅಂತಾನೆ. ಇವನ್ನ ಮಂಚ ಬಿಟ್ಟು ಇಳಿಯಾಕೆ ಬಿಡಬ್ಯಾಡ."

"ನಾನಿರೋವಾಗ ಹೆಂಗೆ ಇಳೀತಾನೆ?" ಎಂದ ಅಂಜಮ್ಮ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದು ಕುಳಿತಳು.

ಹೊರಡುವ ಮುನ್ನ ರಮ್ಯಶ್ರೀ ಅಪ್ಪನ ಬಳಿ ಬಂದಳು. ಗೆಜ್ಜೆಯ ಗಂಟು ಎದೆಗವಚಿಕೊಂಡಿದ್ದಳು. ತುಟಿ ಒಮ್ಮೆ ನಡುಗಿತು. ಮರುಕ್ಷಣ ಬೆನ್ನು ನೆಟ್ಟಗಾಯಿತು.

"ಪರವಾಗಿಲ್ಲ ಅಪ್ಪಾಜಿ. ಎದುರಿಗೆ ಯಾರಿರ್ಲಿ ಬಿಡ್ಲಿ, ನಡುವೆ ನಿಲ್ಲಿಸ್ಬಾರ್ದು ಅಂತ ಮೇಡಂ ಹೇಳಿದಾರೆ."

ಕೊಟ್ರೇಶನಿಗೆ ಉಪ್ಪಿನ ಗಂಟಿಗಿಂತ ಆ ಮಾತು ಹೆಚ್ಚು ಸುಟ್ಟಿತು.

ಮೂರೂವರೆಗೆ ಹೇಮಾವತಿ ಭವನದಿಂದ ವಿಡಿಯೊ ಕರೆ ಮಾಡಿದಳು. ಅಂಜಮ್ಮ ಹಿಡಿದ ಫೋನಿನಲ್ಲಿ ಅಂಗೈಯಗಲದ ರಮ್ಯಶ್ರೀ ಒಂದು ಹೆಜ್ಜೆಯೂ ತಪ್ಪದೆ ಕುಣಿದಳು. ಕೊಟ್ರೇಶನ ಕಣ್ಣು ತುಂಬಿತು.

"ನೋವು ಜಾಸ್ತಿ ಆತೇನೋ?" ಎಂದಳು ಅಂಜಮ್ಮ.

ಚಪ್ಪಾಳೆ ಅಡಗಿತು. ಮುಖ್ಯ ಅತಿಥಿಗಳು ಮೈಕನ್ನು ರಮ್ಯಶ್ರೀಯ ಮುಂದೆ ಹಿಡಿದರು. "ನೃತ್ಯದಿಂದ ಏನೇನ್ ಕಲ್ತೆ, ಹೇಳವ್ವಾ."

ಹುಡುಗಿ ಅವರ ಕಣ್ಣಲ್ಲಿ ಕಣ್ಣಿಟ್ಟು, ಸ್ಪಷ್ಟವಾಗಿ ಹೇಳಿದಳು: "ಹೆದರಬಾರ್ದು. ತಪ್ಪಿದ್ರೆ ಮತ್ತೆ ಮೊದಲಿಂದ ಮಾಡ್ಬೇಕು. ಕಲಿತದ್ದನ್ನ ಇನ್ನೊಬ್ರಿಗೆ ಕಲಿಸ್ಬೇಕು. ಇವತ್ತು ಬೆಳಿಗ್ಗೆ ನಮ್ಮಪ್ಪಾಜಿಗೆ ಸೊಂಟ ನೋವಿನ ಅಭಿನಯ ಕಲಿಸ್ದೆ. ಐದೇ ಸಲಕ್ಕೆ ಕಲ್ತುಬಿಟ್ರು. ನೀವು ಬಂದಾಗ ನೋಡಿದ್ರಲ್ಲ ಸಾರ್, ಚೆನ್ನಾಗಿತ್ತಲ್ಲ?"

ಭವನದಲ್ಲಿ ಎದ್ದ ನಗೆಗೆ ಫೋನೇ ಕಂಪಿಸಿತು. ಹೇಮಾವತಿಯ ಫೋನು ಕಿತ್ತುಕೊಂಡ ರೇವಣ್ಣನವರ ಮೀಸೆ ಪರದೆಯ ತುಂಬ ಕಾಣಿಸಿಕೊಂಡಿತು.

"ಕೊಟ್ರೇಶಾ!"

ಕೊಟ್ರೇಶ ಮಂಚದಿಂದ ನೆಗೆದ. ನೆಗೆದವನು ನೆಲ ಮುಟ್ಟುವ ಮೊದಲೇ ಸೊಂಟದಲ್ಲಿ 'ಕಟಕ್' ಎಂದಿತು. ಅರ್ಧ ಬಗ್ಗಿದ ಭಂಗಿಯಲ್ಲೇ ಅವನು ಬಾಗಿಲ ಚಿಲಕದಂತೆ ಸಿಕ್ಕಿಕೊಂಡ.

"ಅಯ್ಯಯ್ಯೋ! ಅಂಜಮ್ಮ, ನಿಜವಾಗ್ಲೂ ಹಿಡ್ಕೊಂತು! ಆ ಉಪ್ಪಿನ ಗಂಟು ಕೊಡ್ರಿ!"

"ಥೂ ನಿನ್ನ! ನಿನಗೋಸ್ಕರ ನಾನು ನೃತ್ಯ ನೋಡಾಕೂ ಹೋಗ್ಲಿಲ್ಲ" ಎಂದ ಅಂಜಮ್ಮ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು.

ಅರ್ಧ ಗಂಟೆಯ ನಂತರ ರೇವಣ್ಣನವರು ಇಡೀ ಸೊಸೈಟಿಯ ಸಿಬ್ಬಂದಿಯೊಂದಿಗೆ ಬಂದಾಗಲೂ ಕೊಟ್ರೇಶ ಅದೇ ಭಂಗಿಯಲ್ಲಿದ್ದ. "ಸಾರ್, ಆಣೆ ಮಾಡಿ ಹೇಳ್ತೀನಿ, ಇದು ನಿಜವಾದ ನೋವು!"

ತೀರ್ಪಿಗಾಗಿ ಎಲ್ಲರೂ ಗುರುವಿನ ಕಡೆ ತಿರುಗಿದರು. ಗೆಜ್ಜೆ ಬಿಚ್ಚದೆಯೇ ಬಂದಿದ್ದ ರಮ್ಯಶ್ರೀ ಅಪ್ಪನ ಸುತ್ತ ಒಂದು ಪ್ರದಕ್ಷಿಣೆ ಬಂದು, ಮುಖವನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಬೇಸರದಿಂದ ತಲೆಯಾಡಿಸಿದಳು.

"ಬೆಳಿಗ್ಗೇನೇ ಚೆನ್ನಾಗಿತ್ತು ಅಪ್ಪಾಜಿ. ಈಗ ಅತಿ ಮಾಡ್ತಿದೀಯ. ಹುಬ್ಬು ಅಷ್ಟು ಮೇಲೆ ಹೋಗಬಾರ್ದು. ಮೊದಲಿಂದ ಮಾಡು."