ಬೀಗದೊಳಗಿನ ಕೀರ್ತನೆ

ಠಾಣೆ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಅನಸೂಯಾ ಅತ್ತೆಗೆ ಲೋಕಲ್ ರೈಲು ಹತ್ತಲಾಗಲಿಲ್ಲ. ರಮಿತಾ ಹತ್ತಿಬಿಟ್ಟಿದ್ದಳು. ಎಲ್ಲ ಫಜೀತಿಗೂ ಅದೇ ಮೂಲ. ಮುಂದಿನ ತಿಂಗಳು ತಾನು ಸೇರಲಿರುವ ಮನೆ ನೋಡಲು ಸೋದರತ್ತೆಯನ್ನು ಕಾವಲಿಗೆ ಕರೆದುಕೊಂಡು ಸಾನಪಾಡಾದಿಂದ ಹೊರಟಿದ್ದ ಮದುಮಗಳು, ದಿವಾದ ಆ ಒಂದೇ ಕೋಣೆಯ ಮನೆಗೆ ಒಬ್ಬಳೇ ಬಂದು ನಿಂತಳು.

ಮನೆಯಲ್ಲಿ ಒಬ್ಬನೇ ಇದ್ದ ಮದುಮಗ ಜಯಶೀಲ ಗಾಬರಿಯಾದ. ಮದುವೆಗೆ ಮುಂಚೆ ಹುಡುಗಿಯ ಜೊತೆ ಒಂಟಿಯಾಗಿರಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದವ ಅವನು. ಮಹಾಪೆಯ ಕಾರ್ಖಾನೆಯಲ್ಲಿ ಜೊತೆಯವರು ಕಿಚಾಯಿಸಿದರೆ, "ದೇಹ ದೇವರ ಗುಡಿ. ನಾ ಹಿಂಗಽ ಇರಾಂವ. ನೀವು ನಗ್ರಿ," ಎಂದು ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದ. ಈಗಲೂ ಬಾಗಿಲು ಹಾರುಹೊಡೆದಿಟ್ಟು, ರಮಿತಾಗೆ ಒಳಗೆ ಕುರ್ಚಿ ಕೊಟ್ಟು, ತಾನು ಹೊಸ್ತಿಲ ಮೇಲೆ ನಿಂತ.

ಎದುರುಮನೆಯ ಭೀಮಮ್ಮನಿಗೆ ಇದನ್ನು ನೋಡಿ ಕರುಳು ಚುರ್ ಎಂದಿತು. "ಪಾಪ, ನಾಚತಾವ," ಎಂದುಕೊಂಡಳು. ಜಯಶೀಲ ನೀರು ತರಲು ಒಳಗೆ ಹೋದದ್ದೇ ತಡ, ಬಾಗಿಲು ಎಳೆದು ತನ್ನ ಬೀಗ ಜಡಿದಳು.

"ತಮ್ಮಾ, ಈಗ ಯಾರೂ ಬರಂಗಿಲ್ಲ. ಆರಾಮ ಮಾತಾಡ್ರಿ. ನಾ ಕಾಯಿಪಲ್ಲೆ ತರಾಕ ಹೊಂಟೀನಿ."

"ಭೀಮಕ್ಕಾ, ತೆಗೀರಿ. ನಮಗ ಇದು ಬ್ಯಾಡ."

"ಎಲ್ಲಾರೂ ಮೊದಲ ಹಿಂಗಽ ಅಂತಾರ," ಎನ್ನುತ್ತ ಆಕೆ ಮೆಟ್ಟಿಲಿಳಿದಳು. ಆಕೆಗೆ ಫೋನ್ ಮಾಡಿದರೆ ಅದು ಆಕೆಯ ಮನೆಯೊಳಗೇ ರಿಂಗಾಯಿತು.

ಜಯಶೀಲ ನೇರ ತಮ್ಮ ಮದುವೆ ಮಾಡಿಸಬೇಕಿದ್ದ ಪಾಸ್ಟರ್ ಸೈದಪ್ಪನವರಿಗೆ ಫೋನ್ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಸಾಲುಮನೆಗಳ ಮುಂದಿನ ಗ್ಯಾಲರಿಯ ಕಡೆಯ ಕಿಟಕಿಯ ಸರಳು ಹಿಡಿದು ಗಟ್ಟಿಯಾಗಿ ಕೀರ್ತನೆ ಶುರುಮಾಡಿದ.

"ನೀವೂ ಹಾಡ್ರಿ," ಎಂದ ರಮಿತಾಗೆ. "ಆ ಮೂಲಿಯಿಂದ. ಯಾರು ಎಲ್ಲಿ ನಿಂತಾರ ಅಂತ ಜನಕ್ಕ ಕೇಳಲಿ."

ಜನ ಕೂಡಿದರು. ಪಕ್ಕದ ಮನೆಯ ಸ್ವಪ್ನಿಲ್ ಇಣುಕಿ, "ಅಗಲೇ ಮಹಿನೇ ಶಾದಿ ಹೈ ನಾ ಭಾಯ್? ಫಿರ್ ಕಾಹೇ ಕಾ ಟೆನ್ಶನ್?" ಎಂದು, ಮದುವೆ ಇಷ್ಟು ಹತ್ತಿರವಿರುವಾಗ ಚಿಂತೆ ಯಾಕೆಂದು ನಕ್ಕ.

"ಮುಂದಿನ ತಿಂಗಳ ಅಂದ್ರ ಮುಂದಿನ ತಿಂಗಳ," ಎಂದು ಜಯಶೀಲ ಮತ್ತೆ ಹಾಡಿದ.

ಒಮ್ಮೆ ಇಬ್ಬರೂ ಉಸಿರು ತಗೊಳ್ಳಲು ನಿಲ್ಲಿಸಿದರು. ಕಾಳು ಚೆಲ್ಲಿದ ಸದ್ದಿಗೆ ಕೋಳಿಗಳು ಕತ್ತು ಚಾಚುವಂತೆ ಒಳಗೇನಾಯಿತೋ ಎಂದು ಗ್ಯಾಲರಿಯ ಅಷ್ಟೂ ತಲೆಗಳು ಕಿಟಕಿಗೆ ಮುತ್ತಿದವು. ಬೆಚ್ಚಿಬಿದ್ದ ಜೋಡಿ ದನಿ ಇಮ್ಮಡಿ ಏರಿಸಿತು. ಪಾಸ್ಟರೂ ಕಾಯಿಪಲ್ಲೆ ಚೀಲದ ಭೀಮಮ್ಮನೂ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಜಯಶೀಲನ ಗಂಟಲು ತುಕ್ಕು ಹಿಡಿದ ಶಟರ್ ಎಳೆದಂತಾಗಿತ್ತು.

ಬೀಗ ತೆಗೆದಾಗ ಒಬ್ಬ ಕಿಟಕಿಯಲ್ಲಿ, ಒಬ್ಬಳು ಮೂಲೆಯಲ್ಲಿ. ಪಾಸ್ಟರು ಕಣ್ಣೊರೆಸಿಕೊಂಡರು.

"ಇಂಥಾ ಗಟ್ಟಿ ಜೋಡಿ ನಾ ನೋಡಿಲ್ಲಪ್ಪ. ನಿನ್ನ ಫೋನ್ ಬಂದಾಗ ನಾ ಕಲ್ಯಾಣದಾಗ ನಮ್ಮ ಚರ್ಚಿನ ವಿಠಲನ ಮನ್ಯಾಗ ಕೂತಿದ್ದೆ. ಅವಂದೂ ಪೂನಂದೂ ಮದುವಿ ಇನ್ನ ತಡ ಮಾಡಿದ್ರ ಕೈ ಮೀರತದ ಅಂತ ಹಿರ್ಯಾರು ಹೆದರ್ಯಾರ. ಚರ್ಚಿನ್ಯಾಗ ತಾರೀಖು ಖಾಲಿ ಇಲ್ಲ. ಯಾರನ್ನ ಕಾಯಿಸಬೇಕು ಅಂತ ತಿಳೀದಾಗಿತ್ತು. ಈಗ ದೇವರಽ ತೋರಿಸಿದ. ನಿಮ್ಮ ತಾರೀಖು ಅವರಿಗೆ ಕೊಡ್ತೀನಿ. ನೀವು ಮುಂದಿನ ವರ್ಷ ಮಾಡ್ಕೋರಿ."

ಜಯಶೀಲ ಸರಳು ಹಿಡಿದೇ ನಿಂತ. ರಮಿತಾ ತಲೆಯೆತ್ತಿದಳು.

"ಪಾಸ್ಟರ್, ನಾವೇನು ಕಲ್ಲಲ್ಲ. ನಮಗೂ ಕಾಯೋದು ಭಾಳ ಕಷ್ಟ ಆಗೇದ."

ಕಿವಿ ಕೆಂಪಾದರೂ ಜಯಶೀಲ ಅವಳ ಪಕ್ಕ ಬಂದು ನಿಂತು, "ಹೌದ್ರಿ. ಭಾಳ ಕಷ್ಟ," ಎಂದ.

"ಕಷ್ಟ ಆದ್ರೂ ಕಾಯ್ತೀರಲ್ಲ," ಎಂದರು ಪಾಸ್ಟರು, "ಅದಕ್ಕಽ ನಿಮ್ಮನ್ನ ಆರಿಸೀನಿ." ಇಬ್ಬರ ತಲೆಯ ಮೇಲೂ ಕೈಯಿಟ್ಟು, ವಿಠಲ ಮತ್ತು ಪೂನಂ ಅವರ ವಿವಾಹಕ್ಕಾಗಿ ದೀರ್ಘವಾಗಿ ಪ್ರಾರ್ಥಿಸತೊಡಗಿದರು.