ಸಿಗಡಿಗೆ ಯಾವ ಒಡಂಬಡಿಕೆ?

ಹಬ್ಬುವಾಡದಲ್ಲಿ ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಬೈಬಲ್ ಓದಿದವರಿಲ್ಲ. ಅವರು ಕ್ರೈಸ್ತರಲ್ಲ, ಸ್ಕೂಟರಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವವರು. ಶ್ರದ್ಧೆಗೆ ಕಾರಣ ಭಕ್ತಿಯಲ್ಲ, ಅನುಮಾನ! ಮದುವೆ ಕರೆಯೋಲೆಯನ್ನೂ ಬೆಳಕಿಗೆ ಹಿಡಿದು ನೋಡುವ ಆಸಾಮಿ.

ಬೈಬಲ್ ಮೇಲೆ ಅನುಮಾನ ಹುಟ್ಟಿದ್ದು ಮಗಳ ಮದುವೆಯ ಮಾತಿನಲ್ಲಿ. ಅವಳು ಮೆಚ್ಚಿದ ಹುಡುಗ ಕ್ರೈಸ್ತ, ಮಾವನ ಓಣಿಯವನೇ. ಅವನ ತಾಯಿ ಜಾತಿ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಹುಡುಗಿಯ ಮುಂಗೈಯಲ್ಲಿ ಏನೋ ಹಸಿರು ಕಂಡದ್ದೇ, "ಮೈಮೇಲೆ ಹಚ್ಚೆ ಹಾಕ್ಬಾರ್ದು ಹೇಳಿ ಬೈಬಲ್ಲಲ್ಲೇ ಅದೆ. ಅಳಿಸ್ಕೊಂಡು ಬರ್ಲಿ, ಆಮೇಲೆ ಮದುವೆ" ಎಂದರು. ಹುಡುಗಿ ತಲೆ ತಗ್ಗಿಸಿ ಹೂಂ ಅಂದುಬಿಟ್ಟಳು. ಲೇಸರ್ ಹಾಕಿಸಲು ದಿನವೂ ಗೊತ್ತಾಯಿತು.

ಮಾವ ಕನ್ನಡ ಬೈಬಲ್ ತಂದು ಓದಲು ಕೂತರು. ಯಾಜಕಕಾಂಡ ಎಂಬ ಭಾಗದಲ್ಲಿ ಹಚ್ಚೆ ಸಿಕ್ಕಿತು. ಆದರೆ ಅದಕ್ಕೂ ಮೊದಲೇ ಇನ್ನೊಂದು ಸಿಕ್ಕಿತ್ತು: ರೆಕ್ಕೆಯೂ ಪೊರೆಯೂ ಇಲ್ಲದ ನೀರಿನ ಜೀವಿಯನ್ನು ತಿನ್ನಬಾರದು!

ಮರುದಿನ ಹುಡುಗನ ತಾಯಿ ಪಾತ್ರೆ ಹಿಡಿದು ಬಂದರು. "ಸಿಗಡಿ ಹಾಕು."

"ಆಗುದಿಲ್ಲ ಬಾಯೀ. ತಿನ್ಬಾರ್ದು ಹೇಳಿ ನಿಮ್ಮ ಪುಸ್ತಕದಾಗೆ ಅದೆ. ನಿಮ್ಮನೇದ್ರಲ್ಲಿ ಆ ಪುಟ ಹರ್ದು ಹೋಗದ್ಯಾ?"

"ಅದು ಹಳೇ ಒಡಂಬಡಿಕೆ ಮಾರಾಯಾ. ಈಗ ನಡೆಯುದಿಲ್ಲ."

"ಹಚ್ಚೆನೂ ಅದ್ರಲ್ಲೇ ಅದೆ. ಎಂಟು ಅಧ್ಯಾಯ ಮುಂದೆ. ಅದು ಹೇಂಗೆ ನಡೀತದೆ?"

ಪಾತ್ರೆ ಖಾಲಿಯೇ ಹಿಂತಿರುಗಿತು. ಅಂದಿನಿಂದ ಓಣಿಯ ಯಾವ ಕ್ರೈಸ್ತ ಮನೆಗೂ ಸಿಗಡಿಯಿಲ್ಲ, ಏಡಿಯಿಲ್ಲ! ಬಂಗಡೆ ಮಾತ್ರ; ಅದೂ ಪೊರೆ ತೋರಿಸಿ. ರಾಜಿ ಮಾಡಿಸಲು ಬಂದ ಪಾದ್ರಿಗಳ ತೋಳಿನ ಬಟ್ಟೆಯನ್ನು ಮಾವ ಉಜ್ಜಿ ನೋಡಿ, "ಎರಡು ನಮೂನಿ ನೂಲು ಸೇರ್ಸಿ ನೇಯ್ದದ್ದೂ ಬೇಡ ಹೇಳಿ ಅದೆ ಫಾದರ್. ಇದು ಟೆರಿಕಾಟ್ ಅಲ್ದಾ?" ಎಂದರಂತೆ. ಕಣ್ಣಾರೆ ಕಂಡೆನೆಂದು ಇದನ್ನು ಹತ್ತು ಕಡೆ ಹೇಳಿದ್ದೇನೆ. ಆ ದಿನ ನಾವು ಅಂಕೋಲೆಯಲ್ಲಿದ್ದೆವು ಎನ್ನುತ್ತಾಳೆ ನನ್ನ ಹೆಂಡತಿ. ಹಾಗಾದರೆ ಆ ಅಂಗಿಯ ಬಣ್ಣ ನನಗೆ ಹೇಗೆ ನೆನಪಿದೆ?

ಲೇಸರಿನ ಹಿಂದಿನ ದಿನ ಮಾತ್ರ ನಾನು ಅಲ್ಲೇ ಇದ್ದೆ. ಹುಡುಗಿ ಅಪ್ಪನ ಪಕ್ಕ ನಿಂತು ಮೀನು ತೂಗುತ್ತಿದ್ದಳು. ಪಾತ್ರೆ ಹಿಡಿದು ಬಂದ ಹುಡುಗನ ತಾಯಿ ಆ ಮುಂಗೈಯನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದರು.

"ಹೆಸರಾ? ಅಕ್ಷರ ಯಾಕೆ ಇಷ್ಟು ಸೊಟ್ಟ?"

"ಅವ್ವನ ಸಹಿ. ಅವಳಿಗೆ ಬರೀಲಿಕ್ಕೆ ಬರ್ತಿದ್ದದ್ದು ಅದೊಂದೇ. ಅವಳು ಹೋದ್ಮೇಲೆ ರೇಶನ್ ಅರ್ಜಿ ಮೇಲಿಂದು ತೋರ್ಸಿ ಹಾಕಿಸ್ಕೊಂಡೆ."

ಆ ತಾಯಿ ಸೊಟ್ಟ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದರು. "ಇರ್ಲಿ ಬಿಡು. ನಾಳೆ ಎಲ್ಲಿಗೂ ಹೋಗ್ಬೇಡ." ಆಮೇಲೆ ಮಾವನ ಕಡೆ ಪಾತ್ರೆ ಚಾಚಿದರು. "ಬಂಗಡೆನೇ ಹಾಕು."

ಮಾವ ಪೆಟ್ಟಿಗೆಯ ತಳದಿಂದ ಸಿಗಡಿ ತೆಗೆದರು.

"ಪುಸ್ತಕದಲ್ಲಿ ಬೇಡ ಹೇಳಿ ಅದೆಯಲ್ಲ?"

"ನಾನೂ ಪೂರ್ತಿ ಓದ್ಲಿಲ್ಲ ಬಾಯೀ."

ಸಿಪ್ಪೆ ಬಿಡಿಸಿಕೊಡು ಎಂದರೆ ಸ್ವಂತ ತಂಗಿಗೂ, ಅಂದರೆ ನನ್ನ ಅಮ್ಮನಿಗೂ, "ನಿಂಗೆ ಕೈ ಇಲ್ವಾ?" ಎನ್ನುವ ಮನುಷ್ಯ, ಓಣಿಯ ನಡುವೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಸಿಗಡಿ ಸುಲಿದು ಆ ಪಾತ್ರೆಗೆ ಹಾಕತೊಡಗಿದರು.