ಭಾವನವರ ಸ್ಕೋರು: ಇಡುವುದೋ, ಕ್ಯಾನ್ಸಲ್ಲೋ?

ನಮ್ಮ ಭಾವನವರು ಅಂಗಡಿಯಿಂದ ತಂದು, ವಾಪಸ್ ಕೊಡದೆ ಉಳಿಸಿಕೊಂಡ ವಸ್ತು ಈ ಅಮೆರಿಕದಲ್ಲಿ ಒಂದೂ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಟ್ಟಿಕೊಂಡ ನಮ್ಮಕ್ಕನನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಅದಕ್ಕೂ ಕಾರಣ ಕೇಳಿದರೆ, "ನಿಮ್ಮಪ್ಪ ರಸೀತಿ ಕೊಡ್ಲಿಲ್ಲಮ್ಮ" ಎನ್ನುತ್ತಾರೆ! ಚಳಿಗಾಲಕ್ಕೆ ಕೊಂಡ ಕೋಟು ಚಳಿ ಮುಗಿದ ಮೇಲೆ ವಾಪಸ್. ಬೆಂಗಳೂರಿಗೆ ಹೋಗಿಬಂದ ಸೂಟ್‌ಕೇಸು, ಹಿಡಿಗೆ ಅಂಟಿದ ವಿಮಾನದ ಚೀಟಿಯ ಸಮೇತ ವಾಪಸ್. ಕೌಂಟರಿನ ಹುಡುಗಿ "ಇದನ್ನು ಬಳಸಿದ್ದೀರಲ್ಲ?" ಎಂದರೆ, "ಬಳಸದೆ ಇಷ್ಟವಾಗಲಿಲ್ಲ ಅಂತ ಹೇಗೆ ಗೊತ್ತಾಗಬೇಕು?" ಎಂದು ನಿಯಮದ ಸಣ್ಣಕ್ಷರ ತೋರಿಸಿ ವಾದ. ಹಿಂದೆ ನಿಂತ ನಾನು, ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲವೆಂಬಂತೆ ಚೂಯಿಂಗ್ ಗಮ್ಮಿನ ಪೊಟ್ಟಣ ಓದುತ್ತಿರುತ್ತೇನೆ.

ಮಾನ್ಮತ್ ಜಂಕ್ಷನ್ ಎಂಬ ಊರಿನ ಅವರ ಮನೆಯಲ್ಲಿ, ಬಂದವರೆಲ್ಲ ಒಂದೊಂದು ಅಡುಗೆ ಮಾಡಿ ತರುವ ಒಂದು ಪಾಟ್‌ಲಕ್ ಇತ್ತು. ಭಾವನ ವಾದ ಕೇಳಿ ಯಾರೋ ಹುಡುಗ ಬಾಯಿಮಾತಿಗೆ, "ಅಂಕಲ್, ಯು ಶುಡ್ ಬಿ ಎ ಲಾಯರ್" ಅಂದ. ಅಂದವನು ಪುಳಿಯೋಗರೆ ತಿಂದು ಮನೆಗೆ ಹೋದ. ಅನುಭವಿಸಿದವರು ನಾವು!

ಪಾರ್ಸಿಪನಿಯ ಆಫೀಸಿನಲ್ಲಿ ಹಗಲೆಲ್ಲ ಡೇಟಾಬೇಸ್ ನೋಡಿಕೊಳ್ಳುವ, ಐವತ್ತು ದಾಟಿದ ಭಾವ ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೆಸರು ಕೊಟ್ಟರು. ಎಲ್‌ಸ್ಯಾಟ್ ಅಂತೆ. ಅದರಲ್ಲಿ ಕಾನೂನು ಕೇಳುವುದಿಲ್ಲವಂತೆ, ತರ್ಕ ಕೇಳುತ್ತಾರಂತೆ. ಒಬ್ಬರ ಮಾತಿನಲ್ಲಿ ಬಾಯಿಬಿಟ್ಟು ಹೇಳದ ಊಹೆ ಯಾವುದು, ವಾದ ಎಲ್ಲಿ ಮುಗ್ಗರಿಸಿದೆ, ಇಂಥವು. ತಯಾರಿ ಶುರುವಾದ ಮೇಲೆ ಆ ಮನೆಯಲ್ಲಿ ಊಟ ಮಾಡುವುದೂ ಕಷ್ಟವಾಯಿತು.

"ರೀ, ಸಾರಿಗೆ ಉಪ್ಪು ಕಮ್ಮಿಯಾಯ್ತಾ?" ಅಕ್ಕ ಕೇಳಿದಳು.

"ಸಾರಿಗೆ ಉಪ್ಪು ಹಾಕಿದ್ದೀಯ ಅನ್ನೋದು ನಿನ್ನ ಅಸಂಪ್ಶನ್."

ಅಕ್ಕ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದಲೇ ಕೂಗಿದಳು: "ಊಟಕ್ಕೆ ಸಾರಿದೆ ಅನ್ನೋದೂ ನಿಮ್ಮ ಅಸಂಪ್ಶನ್ನೇ!"

ಪರೀಕ್ಷೆಯನ್ನು ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ ಬರೆದರು. ಸದ್ದಾಗಕೂಡದೆಂದು ನನ್ನನ್ನೂ ಅಕ್ಕನನ್ನೂ ಮನೆಯಿಂದ ಹೊರಗೆ ಹಾಕಿದ್ದರು. ಡ್ರೈವ್‌ವೇಯಲ್ಲಿ ಕಾರೊಳಗೆ ಕೂತು ನಾವಿಬ್ಬರೂ ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿ ತಿಂದೆವು. ಯಾರ ಪರೀಕ್ಷೆ, ಯಾರಿಗೆ ಶಿಕ್ಷೆ! ಮುಗಿಸಿ ಬಾಗಿಲು ತೆಗೆದ ಭಾವ ಆಡಿದ ಮೊದಲ ಮಾತು: "ಕ್ಯಾನ್ಸಲ್ ಮಾಡಿಬಿಡ್ಲಾ?"

ಆ ಪರೀಕ್ಷೆಯಲ್ಲಿ ಅಂಥದ್ದೊಂದು ಸೌಲಭ್ಯವಿದೆ. ಅಂಕ ಎಷ್ಟೆಂದು ತಿಳಿಯುವ ಮೊದಲೇ, ಕೆಲವು ದಿನಗಳ ಗಡುವಿನೊಳಗೆ, ನಿಮ್ಮ ಸ್ಕೋರನ್ನು ನೀವೇ ರದ್ದು ಮಾಡಿಕೊಳ್ಳಬಹುದು. ರದ್ದಾದದ್ದು ಮತ್ತೆ ಬರುವುದಿಲ್ಲ. ಇಂಥ ಮನುಷ್ಯನಿಗೆ ಇಂಥ ಸೌಲಭ್ಯ! ಯಾವ ಪುಣ್ಯಾತ್ಮರು ಮಾಡಿಟ್ಟರೋ!

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಆಕಳಿಕೆ ಬರುತ್ತದೆ. ಪಿಸ್ಕಾಟವೇಯ ನನ್ನ ಮನೆಯಿಂದ ಆಫೀಸಿಗೆ ಕಮ್ಯೂಟ್ ಮಾಡುವ ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಹೊತ್ತನ್ನೇ ನೋಡಿ ಭಾವನ ಫೋನು. ಬೆಳಿಗ್ಗೆ ಕ್ಯಾನ್ಸಲ್, ಮಧ್ಯಾಹ್ನ ಕೀಪ್, ಸಂಜೆ ಪುನಃ ಕ್ಯಾನ್ಸಲ್. ಕ್ಷೌರದವನನ್ನು ಕೇಳಿದರು. ಅವನು ಕೂದಲಿನ ವಿಷಯವೆಂದುಕೊಂಡು, "ಸೈಡಲ್ಲಿ ಇಟ್ಕೊಳ್ಳಿ" ಅಂದನಂತೆ. ದೇವಸ್ಥಾನದ ಅರ್ಚಕರು, ಪಾಪ, ಕೋರ್ಟು ಕೇಸೆಂದು ತಿಳಿದು ಅರ್ಚನೆ ಮಾಡಿ, "ಆದಷ್ಟೂ ರಾಜಿ ಮಾಡ್ಕೊಳ್ಳಿ" ಎಂದು ಹೂವು ಕೊಟ್ಟರು. ಬಾಸ್ಟನ್ನಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನು ಹೋಯಿತು. ಅವಳು, "ಅಪ್ಪಾ, ಐ ಲವ್ ಯೂ, ಬಟ್ ಐ ಹ್ಯಾವ್ ಎ ಮೀಟಿಂಗ್" ಎಂದು ಇಟ್ಟುಬಿಟ್ಟಳು. ಜಾಣೆ! ನನಗೆ ಮಾತ್ರ ಅಷ್ಟು ಮೀಟಿಂಗುಗಳು ಇರಲಿಲ್ಲ.

ಗಡುವಿನ ಕೊನೆಯ ದಿನ ಆಫೀಸಿನಿಂದ ನೇರವಾಗಿ ಅವರ ಮನೆಗೆ ಹೋದೆ. ಇಡಲಿ, ಬಿಡಲಿ, ಒಟ್ಟಿನಲ್ಲಿ ಮುಗಿದರೆ ಸಾಕಿತ್ತು. ಭಾವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಹೊರಗೆ ಬೆಳಕು ಇಳಿಯುತ್ತಿತ್ತು.

"ಭಾವ, ನನ್ಕೈಲಿ ಇನ್ನಾಗಲ್ಲ. ಚೆನ್ನಾಗಿ ಬರೆದಿಲ್ಲ ಅನ್ಸಿದ್ರೆ ಕ್ಯಾನ್ಸಲ್ ಒತ್ತಿ. ಮುಗೀತು."

"ಚೆನ್ನಾಗಿ ಬರೆದಿಲ್ಲ ಅಂತ ಯಾರು ಹೇಳಿದ್ರು?" ಎಂದರು ಭಾವ. "ಚೆನ್ನಾಗೇ ಬರೆದಿದ್ದೀನಿ. ಅದೇ ತೊಂದರೆ."

ಇದೂ ಒಂದು ತರ್ಕವೇ ಎಂದು ನಾನು ತಲೆ ಹಿಡಿದುಕೊಂಡು ಕೂತೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಒಳ್ಳೇ ಸ್ಕೋರ್ ಬಂದ್ರೆ ಸೀಟು ಸಿಗತ್ತೆ. ಸಿಕ್ಕಿದ್ರೆ ಸಂಜೆ ಕ್ಲಾಸು. ನನಗೆ ಹೋಗ್ಬೇಕು ಅಂತ ಆಸೆ ಆಗ್ಬಿಡತ್ತಮ್ಮ. ನಿಮ್ಮಕ್ಕನಿಗೆ ಕತ್ತಲಾದ್ರೆ ಮೆಟ್ಟಿಲು ಕಾಣಲ್ಲ."

ಅಕ್ಕನ ಕಣ್ಣಿನ ತೊಂದರೆ ನನಗೆ ಗೊತ್ತಿತ್ತು. ಡ್ರೈವ್ ಮಾಡುವುದನ್ನು ಬಿಟ್ಟಿದ್ದಳು. ಆದರೆ ಇಲ್ಲಿಗೆ ಬಂದು ಮುಟ್ಟಿದೆ ಎಂದು ಇಬ್ಬರೂ ಹೇಳಿರಲಿಲ್ಲ.

ಅಕ್ಕನ ಕಿವಿಗೆ ಮಾತ್ರ ಯಾವ ತೊಂದರೆಯೂ ಇಲ್ಲವಲ್ಲ! ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ರೀ, ನನ್ನ ಕಣ್ಣಿಗೂ ನಿಮ್ಮ ಪರೀಕ್ಷೆಗೂ ಏನ್ರೀ ಸಂಬಂಧ? ನನ್ನನ್ನ ನೆಪ ಮಾಡ್ಕೊಂಡು ಮನೇಲಿ ಕೂತ್ಕೋಬೇಡಿ. ಮುಚ್ಚಿ ಅದನ್ನ."

ಭಾವ ಕದಲಲಿಲ್ಲ. ಅಕ್ಕ ತಾನೇ ಮುಚ್ಚಲು ಕೈ ಚಾಚಿದಳು. ಆ ಮಬ್ಬಿನಲ್ಲಿ ಅವಳ ಕೈ ಲ್ಯಾಪ್‌ಟಾಪನ್ನು ತಪ್ಪಿ, ಬರಿಯ ಮೇಜಿನ ಮೇಲೆ ತಡಕಾಡಿತು. ಇಷ್ಟು ದಿನ ನಮ್ಮೆಲ್ಲರೊಡನೆ ವಾದ ಮಾಡಿದ ಭಾವ ಒಂದು ಮಾತೂ ಆಡದೆ, ಸದ್ದಾಗದಂತೆ, ಅದನ್ನು ಅವಳ ಕೈ ಕೆಳಗೆ ಸರಿಸಿದರು. ಅಕ್ಕ ಮುಚ್ಚಿದಳು.

"ಕ್ಲಾಸಿರೋ ಸಂಜೆ ನಾನಿಲ್ಲಿಗೆ ಬರ್ತೀನಿ ಭಾವ" ಎಂದು ಯಾರೋ ಅಂದರು. ನೋಡಿದರೆ ನಾನೇ!

ಸ್ಕೋರು ಬಂತು, ಸೀಟೂ ಸಿಕ್ಕಿತು. ಈಗ ವಾರದಲ್ಲಿ ಹಲವು ಸಂಜೆ, ಆಫೀಸು ಮುಗಿಸಿ, ಕಾಲು ಎಳೆದುಕೊಂಡು ನಾನು ಅಕ್ಕನ ಮನೆ ಸೇರುತ್ತೇನೆ. ಅಷ್ಟರಲ್ಲಿ ಭಾವ ಕ್ಲಾಸಿಗೆ ಹೊರಟುಹೋಗಿರುತ್ತಾರೆ. ಹೊರಡುವ ಮುನ್ನ ಮನೆಯ ದೀಪಗಳನ್ನೆಲ್ಲ, ಮೆಟ್ಟಿಲಿನದು, ಬಚ್ಚಲಿನದು, ಗ್ಯಾರೇಜಿನದು, ಒಂದನ್ನೂ ಬಿಡದೆ ಹಾಕಿಟ್ಟು ಹೋಗುತ್ತಾರೆ. ಬೇಸಿಗೆಯ ಕಣ್ಣು ಕೋರೈಸುವ ಬಿಸಿಲಿನಲ್ಲೂ! ನಾನು ಒಂದನ್ನೂ ಆರಿಸುವುದಿಲ್ಲ.